ಒಡೆಯದ ಮಣ್ಣುಂಡೆ

ಎರೆಪೇಟೆ ಮುನಿಸಿಪಾಲಿಟಿಯ ಸರಹದ್ದು ಗೊತ್ತುಮಾಡಿದ ಮಣ್ಣನ್ನು ಕಲಸಿದವಳು ನಾನು. ಇದು ಅವರ ಪುಸ್ತಕದಲ್ಲಿ ಇಲ್ಲ.

ಪುಸ್ತಕದಲ್ಲಿ ಏನಿದೆ ಎಂಬುದನ್ನು ಮುನಿಸಿಪಾಲಿಟಿಯ ದಫೇದಾರ ಕಲಂದರ್ ಸಾಹೇಬರು ನನಗೆ ಓದಿ ಹೇಳಿದ್ದಾರೆ. ಮಾರಿಕಣಿವೆಯ ಕಟ್ಟೆ ಮುಗಿದ ವರ್ಷ ಎರೆಪೇಟೆಗೆ ಮುನಿಸಿಪಾಲಿಟಿ ಬಂತು. ಸರಹದ್ದನ್ನು ಪೂರ್ವದ ಪದ್ಧತಿಯಂತೆ ನಿಷ್ಕರ್ಷೆ ಮಾಡಲಾಯಿತು. ಅಷ್ಟೆ. ಆಮೇಲೆ ದೀಪದ ಕಂಬ, ಸಂತೆ ಮೈದಾನ, ಬಾವಿ, ಮೆಂಬರುಗಳ ಹೆಸರು. ಪೂರ್ವದ ಪದ್ಧತಿ ಎಂದರೆ ನನ್ನ ಮಾವ ಮುನಿಯಪ್ಪ. ಅವರ ಹೆಸರು ಬರೆದಿಲ್ಲ.

ಮಾವ ಊರಿನ ಕುಳವಾಡಿ. ಹೊಲಗೇರಿಯ ಹಿರಿಯ. ಊರವರು ಅವರನ್ನು ಹಳೇಮಗ ಎಂದು ಕರೆಯುತ್ತಿದ್ದರು. ಮದುವೆಯ ಮೆರವಣಿಗೆ ಹೊರಟರೆ ಹಿತ್ತಾಳೆಯ ಬಟ್ಟಲು, ಗಂಟೆ ಹಿಡಿದು ಮುಂದೆ ನಡೆಯಬೇಕು. ಯಾರಾದರೂ ಸತ್ತರೆ ಊರೂರು ತಿರುಗಿ ಸುದ್ದಿ ಮುಟ್ಟಿಸಬೇಕು. ದನ ಸತ್ತರೆ ಎಳೆಸಬೇಕು. ಚಾವಡಿಯ ಮುಂದೆ ಕಸ ಹೊಡೆಸಬೇಕು. ಉಣ್ಣಲು ಹಿತ್ತಲ ಬಾಗಿಲಿನ ಆಚೆ ಕೂರಬೇಕು. ನೀರು ಕೇಳಿದರೆ ಬೊಗಸೆ ಒಡ್ಡಬೇಕು, ಅವರು ಎತ್ತರದಿಂದ ಹೊಯ್ಯುತ್ತಾರೆ.

ಹೊಸ ಸೊಸೆಯಾಗಿದ್ದಾಗ ನಾನು ಕೇಳಿದ್ದೆ. "ಮಗ ಅಂತಾರಲ್ಲ ಮಾವ, ಯಾವ ತಾಯಿ ಮಗನಿಗೆ ಹಂಗೆ ನೀರು ಹೊಯ್ತಾಳೆ?"

ಮಾವ ನಕ್ಕಿದ್ದರು. "ಹಳೇಮಗ ಕಣವ್ವ. ಹೊಸಬರು ಬಂದ ಮ್ಯಾಲೆ ಹಳಬರು ಹೊರಗೇ."

ಒಂದೇ ಒಂದು ವಿಷಯದಲ್ಲಿ ಊರು ಅವರ ಮುಂದೆ ಬಾಯಿ ಮುಚ್ಚುತ್ತಿತ್ತು. ಊರಿನ ಎಲ್ಲೆ. ಎಲ್ಲೆಯ ಜಗಳ ಬಂದರೆ ಪಟೇಲನ ಮಾತು ನಡೆಯುವುದಿಲ್ಲ, ಶಾನುಭೋಗರ ಕಡತವೂ ನಡೆಯುವುದಿಲ್ಲ. ಊರಬಾಗಿಲ ಕಲ್ಲಿನ ಬುಡದ ಮಣ್ಣನ್ನು ಉಂಡೆ ಕಟ್ಟಿ, ನಡುವೆ ಗುಳಿ ಮಾಡಿ, ಗುಳಿಗೆ ನೀರು ಹಾಕಿ ಕುಳವಾಡಿಯ ತಲೆಯ ಮೇಲೆ ಇಡುತ್ತಾರೆ. ಅವನು ಎಲ್ಲೆಯ ಮೇಲೆ ನಡೆಯುತ್ತಾನೆ. ಅವನು ನಡೆದದ್ದೇ ಎಲ್ಲೆ. ದಾರಿ ತಪ್ಪಿಸಿ ಸುಳ್ಳು ನಡೆದರೆ ಉಂಡೆ ಒಡೆಯುತ್ತದೆ. ಹದಿನೈದು ದಿನದೊಳಗೆ ಅವನು ಸಾಯುತ್ತಾನೆ. ಮಾವನ ಅಪ್ಪ ನಡೆದಿದ್ದರು, ತಾತ ನಡೆದಿದ್ದರು. ಮಾವ ಒಮ್ಮೆ ನಡೆದಿದ್ದರು. ಉಂಡೆ ಒಡೆದಿರಲಿಲ್ಲ. ಅವರಿಗೆ ಬದುಕಿನಲ್ಲಿ ಇದ್ದ ಹೆಮ್ಮೆ ಅದೊಂದೇ.

ನನ್ನ ಕೆಲಸವೂ ಮಣ್ಣಿನದೇ. ಗಂಡ ಕಾಟಯ್ಯ ಮಣ್ಣಿನ ಗೋಡೆ ಹಾಕುತ್ತಿದ್ದ. ನಾನು ಕಾಲಲ್ಲಿ ತುಳಿದು ಹದ ಮಾಡಿ ಕೊಡುತ್ತಿದ್ದೆ. ಅವನು ಚಳಿಜ್ವರದಲ್ಲಿ ಹೋದ. ಮಕ್ಕಳಿರಲಿಲ್ಲ. ಹದಿಮೂರನೆಯ ದಿನ ನಾನೇ ಗೋಡೆ ಹಾಕಲು ನಿಂತೆ. ಮಾವನೂ ನಾನೂ ಉಣ್ಣಬೇಕಿತ್ತಲ್ಲ. ಊರಿನ ಸಾಹುಕಾರ ರೇವಣಸಿದ್ದಪ್ಪನ ಹತ್ತಿಯ ಕೊಠಡಿಗೆ ಗೋಡೆ ಹಾಕಿದವಳು ನಾನು. ಮೂರು ಮಳೆಗಾಲ ಕಳೆದರೂ ಅದರಲ್ಲಿ ಕೂದಲೆಳೆ ಬಿರುಕಿರಲಿಲ್ಲ. ಬಾಗಿಲು ಇಟ್ಟ ದಿನದಿಂದ ಆ ಕೊಠಡಿಯ ಒಳಗೆ ನಾನು ಕಾಲಿಟ್ಟಿಲ್ಲ.

ಮುನಿಸಿಪಾಲಿಟಿಗೆ ಪ್ರೆಸಿಡೆಂಟರು ಹೆಸರಿಗೆ ಅಮಲ್ದಾರರು. ನಿಜವಾಗಿ ಎಲ್ಲವೂ ವೈಸ್ ಪ್ರೆಸಿಡೆಂಟ್ ರೇವಣಸಿದ್ದಪ್ಪನದು. ಮೊದಲ ಕೆಲಸ ಬಾವಿ. ಊರಿನ ಅಂಚಿಗೆ, ಹುಣಸೆಮರದ ಪಕ್ಕ ಜಾಗ ಗುರುತು ಮಾಡಿದರು. ಅಲ್ಲಿಂದ ನಮ್ಮ ಕೇರಿಗೆ ಒಂದು ಕೂಗು ದೂರ. ತೋಡಿದವರು ನಾವು. ಕೇರಿಯ ಮೂವತ್ತೆರಡು ಮನೆಯ ಗಂಡಸರು ಕೆಳಗೆ ಅಗೆದರು, ಹೆಂಗಸರು ಬುಟ್ಟಿ ಹೊತ್ತು ಮೇಲಕ್ಕೆ ಹತ್ತಿದೆವು. ಕಪ್ಪು ಎರೆಮಣ್ಣು ಮುಗಿದು ಕರಲುಮಣ್ಣು ಬಂತು, ಅದು ಮುಗಿದು ಬಂಡೆ ಬಂತು. ನನ್ನ ನೆತ್ತಿಯ ಕೂದಲು ಉದುರಿ ಬುಟ್ಟಿಯ ಅಗಲಕ್ಕೆ ಬೋಳಾಯಿತು. ನೀರು ಬಂದ ದಿನ ನಾವು ಮೊಣಕಾಲುದ್ದ ನೀರಿನಲ್ಲಿ ನಿಂತಿದ್ದೆವು. ಕಾಟಯ್ಯನ ಚಿಕ್ಕಪ್ಪ ಬೊಗಸೆಯಲ್ಲಿ ಎತ್ತಿ ಕುಡಿದು, "ಸಿಹಿ ಐತ್ರೋ" ಎಂದು ಕೂಗಿದ.

ಮೇಲೆ ಹತ್ತಿ ಬಂದೆವು. ಮಾರನೆಯ ದಿನ ಅಯ್ಯನವರನ್ನು ಕರೆಸಿ ಬಾವಿಗೆ ಶುದ್ಧಿ ಮಾಡಿಸಿದರು. ಹುಣಸೆಮರದ ಆಚೆ ನಿಂತು ನೋಡಿದೆವು.

ಆಗ ಅಮಲ್ದಾರರ ಹುಕುಂ ಬಂತು. ಕಲಂದರ್ ಸಾಹೇಬರು ಕೇರಿಯ ಬಾಯಲ್ಲಿ ನಿಂತು ಓದಿದರು. ಸರಹದ್ದಿನ ಒಳಗಿರುವ ಎಲ್ಲ ಕೇರಿಗಳವರಿಗೂ ಮುನಿಸಿಪಾಲಿಟಿ ಬಾವಿಯ ನೀರಿಗೆ ಹಕ್ಕು ಇರತಕ್ಕದ್ದು.

"ಎಲ್ಲ ಕೇರಿ ಅಂದ್ರೆ ನಮ್ದೂನಾ ಸಾಹೇಬ್ರೇ?" ಎಂದೆ.

"ಎಲ್ಲ ಅಂದ್ರೆ ಎಲ್ಲ ಕಣಮ್ಮ. ಇಂಥೋರು ಬಿಟ್ಟು ಅಂತ ಬರೆದಿಲ್ಲ. ಎರಡು ಸಲ ಓದ್ದೆ." ಅವರು ಕಾಗದ ಮಡಚಿದರು. "ಆದ್ರೆ ಸರಹದ್ದು ಇನ್ನೂ ಹಾಕಿಲ್ಲ. ಅದು ಕುಳವಾಡಿ ನಡೆದ ಮ್ಯಾಲೆ."

ಕೇರಿಯವರೆಲ್ಲ ಮಾವನ ಮುಖ ನೋಡಿದರು. ಮಾವ ಹುಣಸೆಮರದ ಕಡೆ ನೋಡಲಿಲ್ಲ. ಅದರ ಆಚೆ, ನಮ್ಮ ಗುಡಿಸಲುಗಳನ್ನೂ ದಾಟಿ, ಜಾಲಿಯ ಮೆಳೆಯ ಹತ್ತಿರ ಇರುವ ಬಿಳಿಕಲ್ಲಿನ ಕಡೆ ನೋಡಿದರು. ಅವರ ಅಪ್ಪ, ತಾತ ನಡೆದದ್ದು ಆ ಕಲ್ಲನ್ನು ಮುಟ್ಟಿ. ಕೇರಿ ಊರಿನ ಒಳಗೆ. ಅದರಲ್ಲಿ ಅನುಮಾನವೇ ಇರಲಿಲ್ಲ.

ರೇವಣಸಿದ್ದಪ್ಪ ಮಾವನನ್ನು ಕೊಠಡಿಯ ಹತ್ತಿರ ಕರೆಸಿದ. ಹಸಿ ಸಗಣಿ ಬುಟ್ಟಿ ಹೊತ್ತು ನಾನೂ ಹೋಗಿದ್ದೆ, ನೆಲ ಸಾರಿಸುವುದಿತ್ತು. ಹೊರಜಗಲಿಯಲ್ಲಿ ನಾನು ಬಗ್ಗಿ ಸಾರಿಸುತ್ತಿದ್ದಂತೆಯೇ ಅವನು ಮಾತಾಡಿದ. ನಾನು ಇದ್ದೇನೆ ಎಂಬುದು ಅವನಿಗೆ ಲೆಕ್ಕಕ್ಕೇ ಇರಲಿಲ್ಲ.

"ಹಳೇಮಗನೇ, ನಾಳಿದ್ದು ನಡೀತೀಯಲ್ಲ, ಹುಣಸೆಮರದ ತಾವ ಊರ ಕಡೆ ತಿರುಗಿಬಿಡು."

"ಈ ಕಡೆ ಎಲ್ಲೆ ಇಲ್ರಿ ಬುದ್ದಿ. ಎಲ್ಲೆ ಬಿಳಿಕಲ್ಲಿನ ತಾವ ಐತೆ."

"ನನಗೆ ಹೇಳ್ಕೊಡ್ತೀಯಾ? ಬಾವಿಗೆ ನಿಮ್ಮೋರು ಹಗ್ಗ ಹಾಕಿದ್ರೆ ಊರು ಸುಮ್ನಿರ್ತೈತಾ? ರಕ್ತ ಹರಿತೈತೆ. ನಿನ್ನ ಒಳ್ಳೇದಕ್ಕೇ ಹೇಳ್ತಿರೋದು."

"ತಪ್ಪಿ ನಡೆದ್ರೆ ಮಣ್ಣು ಒಡಿತೈತ್ರಿ."

"ಒಡೀದಂಗೆ ಕಲಸಾಕೆ ಹೇಳು." ಅವನು ಕೊಠಡಿಯ ಗೋಡೆಗೆ ಅಂಗೈಯಿಂದ ಬಡಿದ. "ಈ ಗ್ವಾಡೆ ನೋಡು. ಯಾರು ಹಾಕಿದ್ದು? ನಿನ್ನ ಸೊಸೆ ತಾನೆ? ಬಿರುಕು ತೋರಿಸು ನೋಡಾಣ."

ಮಾವ ತಲೆ ಅಡ್ಡಡ್ಡ ಆಡಿಸಿದರು. ನನ್ನ ಕೈ ಸಗಣಿಯಲ್ಲಿ ನಿಂತಿತು.

"ಇಲ್ಲ ಅಂದ್ರೆ ಬ್ಯಾಡ ಬಿಡು" ಎಂದ ರೇವಣಸಿದ್ದಪ್ಪ. ಸ್ವರ ಏರಿಸಲಿಲ್ಲ. "ನಿಮ್ಮ ಮೂವತ್ತೆರಡು ಗುಡಿಸಲು ನಿಂತಿರೋದು ಊರ ಜಾಗದಾಗೆ. ಊರ ಜಾಗ ಅಂದ್ರೆ ಇನ್ನು ಮ್ಯಾಲೆ ಮುನಿಸಿಪಾಲಿಟಿ ಜಾಗ. ಕೀಳಾಕೆ ಒಂದು ಹೊತ್ತು ಸಾಕು. ಯೋಚ್ನೆ ಮಾಡು."

ದಾರಿಯಲ್ಲಿ ಮಾವ ನನ್ನ ಮುಂದೆ ನಡೆಯುತ್ತಿದ್ದರು. ಕೇರಿ ಬಂದ ಮೇಲೆ ನಿಂತರು.

"ಆಗ್ತೈತೇನವ್ವ? ಒಡೀದಂಗೆ?"

"ಆಗ್ತೈತೆ ಮಾವ. ಆದ್ರೆ ನೀವು ಸರಿಯಾಗೇ ನಡೀರಿ. ಬಂದದ್ದು ಬರಲಿ."

"ಗುಡಿಸಲಿನಾಗೆ ಕೂಸು ಬಾಣಂತಿ ಅವ್ರೆ. ನಾನು ಒಬ್ಬ ಸತ್ತರೆ ಹೋಯ್ತು ಬಿಡು."

ಅವರು ಸಾಯಲು ಒಪ್ಪಿಕೊಂಡಿದ್ದರು. ಹದಿನೈದು ದಿನ ಎಂದು ಬೆರಳೂ ಮಡಚಿದ್ದರು. ನಾನು ಅದನ್ನು ನಂಬಿರಲಿಲ್ಲ. ಮಣ್ಣು ತುಳಿದವರಿಗೆ ಮಣ್ಣು ಯಾಕೆ ಒಡೆಯುತ್ತದೆ ಎಂದು ಗೊತ್ತಿರುತ್ತದೆ. ಮರಳು ಹೆಚ್ಚಾದರೆ ಒಡೆಯುತ್ತದೆ, ನಾರು ಕಡಿಮೆಯಾದರೆ ಒಡೆಯುತ್ತದೆ, ಅವಸರ ಮಾಡಿದರೆ ಒಡೆಯುತ್ತದೆ. ಉಂಡೆ ಒಡೆಯದಿದ್ದರೆ ಮಾವನ ಹೆದರಿಕೆ ಹೋಗುತ್ತದೆ, ಹೆದರಿಕೆ ಹೋದರೆ ಬದುಕುತ್ತಾರೆ ಎಂದು ನಾನು ಲೆಕ್ಕ ಹಾಕಿದೆ. ಅದು ನಾನು ಮಾಡಿದ ತಪ್ಪು.

ಊರಬಾಗಿಲ ಮಣ್ಣು ತಂದು ಜರಡಿ ಹಿಡಿದೆ. ಅದಕ್ಕೆ ಕೆರೆಯ ಎರೆ ಬೆರೆಸಿದೆ. ಕತ್ತಾಳೆ ಬಡಿದು ನಾರು ತೆಗೆದು ಬೆರಳುದ್ದ ಕತ್ತರಿಸಿ ಹಾಕಿದೆ. ಬೇಲದ ಕಾಯಿಯ ಅಂಟು ಹಾಕಿದೆ. ಬೆಳಿಗ್ಗೆಯಿಂದ ಹೊತ್ತು ನೆತ್ತಿಗೆ ಬರುವವರೆಗೆ ತುಳಿದೆ. ಕಾಲು ಮರಗಟ್ಟಿತು. ಆಮೇಲೆ ಕೈಯಲ್ಲಿ ನಾದಿದೆ. ಕೈಯೂ ಮರಗಟ್ಟಿತು. ನನ್ನ ಜೀವಮಾನದಲ್ಲಿ ಅಂಥ ಮಣ್ಣು ಕಲಸಿರಲಿಲ್ಲ.

ನಡೆಯುವ ದಿನ ಮಾವ ತಣ್ಣೀರು ಮಿಂದು ಒದ್ದೆ ಪಂಚೆ ಉಟ್ಟರು. ಉಪವಾಸ ಇದ್ದರು. ಅಮಲ್ದಾರರು ಕುದುರೆಯ ಮೇಲೆ ಬಂದಿದ್ದರು. ಉಂಡೆಯನ್ನು ಎತ್ತಿ ಮಾವನ ತಲೆಯ ಮೇಲೆ ಇಡಬೇಕಾದವರು ಊರ ಹಿರಿಯರು. ಮುಟ್ಟಬಾರದಲ್ಲ, ಬಿದಿರ ಮೊರದಲ್ಲಿಟ್ಟು ಜಾರಿಸಿದರು. ಗುಳಿಗೆ ನೀರನ್ನು ಎತ್ತರದಿಂದ ಹೊಯ್ದರು.

ಮಾವ ನಡೆದರು. ಹಿಂದೆ ಇಬ್ಬರು ಸುಣ್ಣದ ಗುರುತು ಹಾಕುತ್ತಾ ಬಂದರು. ಹಳ್ಳ, ಕಳ್ಳಿಯ ಸಾಲು, ಎರೆಹೊಲದ ಬಿರುಕುಗಳು. ಕಾಲಿಗೆ ಜಾಲಿಮುಳ್ಳು ಚುಚ್ಚಿದರೂ ಬಗ್ಗುವಂತಿಲ್ಲ. ಹಿಮ್ಮಡಿಯಿಂದ ರಕ್ತ ಬಂತು. ಕುತ್ತಿಗೆಯ ನರ ಹಗ್ಗದಂತೆ ಎದ್ದಿತ್ತು. ಕೇರಿಯ ಹೆಂಗಸರ ಜೊತೆ ನಾನು ದೂರದಲ್ಲಿ ನಡೆದೆ.

ಹುಣಸೆಮರದ ಹತ್ತಿರ ಮಾವ ನಿಂತರು.

ಮುಂದೆ ಕೇರಿ. ಕೇರಿಯ ಆಚೆ ಬಿಳಿಕಲ್ಲು. ಊರ ಕಡೆ ರೇವಣಸಿದ್ದಪ್ಪ ಎಲೆಯಡಿಕೆ ಜಗಿಯುತ್ತಾ ನಿಂತಿದ್ದ. ಮಾವ ತಲೆ ಅಲ್ಲಾಡಿಸದೆ ಕಣ್ಣು ಮಾತ್ರ ತಿರುಗಿಸಿ ನನ್ನನ್ನು ನೋಡಿದರು. ಆಮೇಲೆ ಊರ ಕಡೆ ತಿರುಗಿದರು.

ಒಂದು ಹೆಜ್ಜೆ. ಎರಡು. ಉಂಡೆ ಒಡೆಯಲಿಲ್ಲ. ಬಾವಿಯನ್ನು ಒಳಗೆ ಹಾಕಿಕೊಂಡು, ಕೇರಿಯನ್ನು ಹೊರಗೆ ಬಿಟ್ಟು ಸುಣ್ಣದ ಗೆರೆ ಹೋಯಿತು.

"ದೇವ್ರು ಮೆಚ್ಚಿದ!" ಎಂದು ಯಾರೋ ಕೂಗಿದರು. ಅಮಲ್ದಾರರು ಬರೆದುಕೊಂಡರು. ಉಂಡೆಯನ್ನು ಸಾಕ್ಷಿಗಾಗಿ ಚಾವಡಿಯ ಗೂಡಿನಲ್ಲಿ ಇಟ್ಟರು. ಹುಣಸೆಮರದ ಹತ್ತಿರ ಗಡಿಕಲ್ಲು ನೆಟ್ಟರು. ಗುಂಡಿ ತೋಡಿದವರು ನಾವೇ.

ಮನೆಗೆ ಬಂದು ಮಾವ ಗೋಡೆಗೆ ಒರಗಿ ಕೂತರು. ನಾನು ಮುಳ್ಳು ತೆಗೆಯುತ್ತಿದ್ದೆ.

"ಒಡೀಬೇಕಿತ್ತು ಕಣವ್ವ" ಎಂದರು. "ಒಡೆದಿದ್ರೆ ನಾನೊಬ್ನೇ ಸುಳ್ಳ. ಈಗ ಮಣ್ಣೂ ಸುಳ್ಳಾತು."

ಅವರು ಮಾತು ಬಿಟ್ಟರು. ಅಂಬಲಿ ಕೊಟ್ಟರೆ ಕುಡಿಯುತ್ತಿದ್ದರು, ಕೊಡದಿದ್ದರೆ ಕೇಳುತ್ತಿರಲಿಲ್ಲ. ನಾನು ದಿನಕ್ಕೊಂದು ಗೆರೆ ಗೋಡೆಯ ಮೇಲೆ ಎಳೆದೆ. ನಂಬಿಕೆ ಇಲ್ಲದವಳು ಯಾಕೆ ಎಳೆದೆ, ಗೊತ್ತಿಲ್ಲ. ಕೇರಿಯವರು ಹುಣಸೆಮರದವರೆಗೆ ಹೋಗಿ, ಕಲ್ಲಿನ ಈಚೆ ಕೊಡ ಇಟ್ಟು, ಯಾರಾದರೂ ಹೊಯ್ಯಲಿ ಎಂದು ಕಾದು ಕೂರುತ್ತಿದ್ದರು. ನಾನೂ ಕೂರುತ್ತಿದ್ದೆ. ನಾವು ತೋಡಿದ ಬಾವಿ. ಸಿಟ್ಟು ಬರಬೇಕಿತ್ತು. ಬರಲಿಲ್ಲ. ಹೊಟ್ಟೆಯೊಳಗೆ ಹಸಿಮಣ್ಣು ತುಂಬಿದಂತಿತ್ತು.

ಹದಿನೈದನೆಯ ಗೆರೆ ಎಳೆದೆ. ಮಾವ ಸಾಯಲಿಲ್ಲ.

ಹದಿನಾರನೆಯ ದಿನ ಬೆಳಿಗ್ಗೆ ಎದ್ದು ಕೂತರು. ತಮ್ಮ ಕೈಯನ್ನೇ ಹಿಂದೆ ಮುಂದೆ ತಿರುಗಿಸಿ ನೋಡಿಕೊಂಡರು.

"ಸಾಯಲಿಲ್ಲ ಅಲ್ವೇನವ್ವ?"

"ಇಲ್ಲ ಮಾವ."

"ಹಂಗಾದ್ರೆ ಅದೆಲ್ಲಾ ಬರೀ ಮಣ್ಣು." ಕೈಯನ್ನು ಮಡಿಲಿಗೆ ಇಳಿಸಿ ಕೇಳಿದರು. "ನಮ್ಮಪ್ಪಂದೂ?"

ನಾನು ಅಂಬಲಿ ಬಗ್ಗಿಸಿ ಅವರ ಮುಂದೆ ಇಟ್ಟೆ.

ಅದೇ ದಿನ ರೇವಣಸಿದ್ದಪ್ಪನ ಎತ್ತು ಸತ್ತಿತು. ಅವನ ಆಳು ನಿಂಗಪ್ಪ ಗಡಿಕಲ್ಲಿನ ಹತ್ತಿರ ನಿಂತು ಕೂಗಿದ. "ಲೇ ಮುನಿಯಾ! ಎತ್ತು ಸತ್ತೈತೆ, ಎಳೆಯಾಕೆ ಬರ್ರಲೇ!"

ಮಾವ ಹೊರಗೆ ಬಂದರು. ಕಲ್ಲಿನ ಈಚೆ ನಿಂತರು. "ಯಾವೂರ ಎತ್ತಪ್ಪ?"

"ಯಾವೂರು? ಏನು ಕುಡಿದೀಯಾ? ನಮ್ಮೂರು!"

"ನಿಮ್ಮೂರಾಗೆ ಹೆಣ ಎಳೆಯೋರು ಇಲ್ವಾ? ನಾವು ಪರಸ್ಥಳದೋರು ಕಣಪ್ಪ."

ಕೇರಿಯಲ್ಲಿ ಯಾರೋ ಕಿಸಕ್ಕನೆ ನಕ್ಕರು. ಹದಿನಾರು ದಿನದಲ್ಲಿ ಅದು ಮೊದಲ ನಗು.

ರೇವಣಸಿದ್ದಪ್ಪನೇ ಬಂದ. ಹಿಂದೆ ಹತ್ತು ಹದಿನೈದು ಜನ, ಅವರ ಹಿಂದೆ ಕಲಂದರ್ ಸಾಹೇಬರು. ಮಾವ ಒಳಗೆ ಹೋಗಿ ಹಿತ್ತಾಳೆಯ ಬಟ್ಟಲನ್ನೂ ಗಂಟೆಯನ್ನೂ ತಂದು ಗಡಿಕಲ್ಲಿನ ಮೇಲೆ ಇಟ್ಟರು.

"ಇದು ಊರಿಂದು. ಊರಿಗೇ ಇರಲಿ."

"ಏನಲೇ ಇದು?"

"ನೀವೇ ಹೊರಗೆ ಹಾಕಿದ್ರಿ ಬುದ್ದಿ. ಬೀದಿ ಗುಡಿಸೋದು, ದನ ಎಳೆಯೋದು, ಸಾವು ಸಾರೋದು ಊರೊಳಗಿನ ಹಳೇಮಗನ ಕೆಲ್ಸ. ಪುಸ್ತಕದಾಗೆ ನಾವು ಊರೊಳಗಿಲ್ಲ. ಕೇಳ್ರಿ, ಸಾಹೇಬ್ರು ಓದಿ ಹೇಳ್ತಾರೆ."

ಕಲಂದರ್ ಸಾಹೇಬರು ನೆಲ ನೋಡಿದರು. "ಇಲ್ಲ" ಎಂದರು. "ಪುಸ್ತಕದಲ್ಲಿ ಇವರ ಕೇರಿ ಇಲ್ಲ."

ರೇವಣಸಿದ್ದಪ್ಪ ಎರಡು ಹೆಜ್ಜೆ ಮುಂದೆ ಬಂದು ಮಾವನ ಕೆನ್ನೆಗೆ ಹೊಡೆದ. ಚಪ್ಪಲಿಯಲ್ಲಿ ಹೊಡೆದ, ಕೈ ಮೈಲಿಗೆಯಾಗಬಾರದು ಎಂದು. ಮಾವನ ತುಟಿ ಸೀಳಿತು. ಅವರು ಒರೆಸಿಕೊಳ್ಳಲಿಲ್ಲ.

"ಬುದ್ದಿ" ಎಂದರು, "ನೀವು ಸರಹದ್ದು ದಾಟಿದ್ರಿ."

ಅವನು ಕೆಳಗೆ ನೋಡಿದ. ಕಾಲು ಕಲ್ಲಿನ ಈಚೆ ಇತ್ತು.

ಮಧ್ಯಾಹ್ನ ಬಂದು ಮೂರು ಗುಡಿಸಲು ಕಿತ್ತರು. ನಮ್ಮದು ಎರಡನೆಯದು. ಗೋಡೆ ಬೀಳಲಿಲ್ಲ, ಹಾರೆಗೂ ಜಗ್ಗಲಿಲ್ಲ, ಅದಕ್ಕೇ ಸೂರಿಗೆ ಬೆಂಕಿ ಹಚ್ಚಿದರು. ಅಂಗಡಿಯವರು ಉಪ್ಪು, ಬೆಂಕಿಪೊಟ್ಟಣ ಕೊಡುವುದನ್ನು ನಿಲ್ಲಿಸಿದರು. ಹುಣಸೆಮರದ ಹತ್ತಿರ ಯಾರೂ ನೀರು ಹೊಯ್ಯಲಿಲ್ಲ. ಹಳ್ಳದ ಮರಳು ತೋಡಿ ಚಿಲುಮೆಯ ನೀರನ್ನು ತೆಂಗಿನ ಚಿಪ್ಪಿನಲ್ಲಿ ಮೊಗೆದುಕೊಂಡೆವು. ಒಂದು ಕೊಡ ತುಂಬಲು ಅರ್ಧ ದಿನ. ಯಾರೂ ಎತ್ತು ಎಳೆಯಲು ಹೋಗಲಿಲ್ಲ.

ಹೊರಗಿನಿಂದ ಜನ ಕರೆಸಲು ರೇವಣಸಿದ್ದಪ್ಪ ಆಳು ಕಳಿಸಿದ. ಅವನ ಆಳಿಗಿಂತ ಮೊದಲೇ ಮಾವ ಹೊರಟಿದ್ದರು. ಸೀಳಿದ ತುಟಿ, ಗಾಯದ ಹಿಮ್ಮಡಿ. ಊರೂರು ತಿರುಗಿ ಸಾವು ಸಾರುವುದು ಅವರಿಗೆ ಗೊತ್ತಿದ್ದ ಕೆಲಸ. ಹೊಳಲ್ಕೆರೆ ಕಡೆಯ ಕೇರಿಗಳು, ಹೊಸದುರ್ಗದ ಕಡೆಯ ಕೇರಿಗಳು, ಧರ್ಮಪುರದವರೆಗೆ. ಪ್ರತಿ ಕೇರಿಯ ಬಾಯಲ್ಲಿ ನಿಂತು, "ಎರೆಪೇಟೆಯ ಹಳೇಮಗ ಸತ್ತ" ಎಂದು ಸಾರಿದರು.

"ಎರೆಪೇಟೆಯ ಹಳೇಮಗ ನೀನೇ ಅಲ್ವೇನಯ್ಯ?" ಎಂದು ಧರ್ಮಪುರದ ಕಡೆಯ ಒಬ್ಬ ಮುದುಕ ಕೇಳಿದನಂತೆ.

"ಹೌದು. ಅದಕ್ಕೇ ನಾನೇ ಹೇಳಾಕೆ ಬಂದೆ."

ಮುದುಕ ಮಾವನ ಸೀಳಿದ ತುಟಿ ನೋಡಿ, "ಹಂಗಾದ್ರೆ ಆ ಊರಿನ ಕೆಲ್ಸಕ್ಕೆ ಯಾರೂ ಬರಲ್ಲ ಬಿಡು" ಎಂದನಂತೆ. ಯಾರೂ ಬರಲಿಲ್ಲ.

ಎತ್ತು ಉಬ್ಬಿತು. ಹತ್ತಿಯ ಕೊಠಡಿಯ ಹಿಂದೆ, ನನ್ನ ಗೋಡೆಯ ಬುಡದಲ್ಲಿ ಬಿದ್ದಿತ್ತು. ಆರನೆಯ ದಿನ ಅಮಲ್ದಾರರು ಮೂಗಿಗೆ ಹೆಗಲ ವಲ್ಲಿ ಕಟ್ಟಿಕೊಂಡು ಬಂದರು. ಸಂತೆ ನಿಂತಿತ್ತು. ಬೀದಿಯಲ್ಲಿ ಕಸ ರಾಶಿ ಬಿದ್ದಿತ್ತು. ಅವರು ಎಲ್ಲರನ್ನೂ ಹುಣಸೆಮರದ ಕೆಳಗೆ ಕರೆಸಿದರು. ಅವರಿಗೆ ಅಷ್ಟು ಹೊತ್ತಿಗೆ ಎಲ್ಲ ಗೊತ್ತಾಗಿತ್ತು.

"ಮುನಿಯಪ್ಪ, ಆವತ್ತು ನೀನು ನಡೆದದ್ದು ಸರಿಯಾದ ಎಲ್ಲೆಯೇ?"

"ಅಲ್ಲ ಬುದ್ದಿ. ಬಿಳಿಕಲ್ಲಿನ ತಾವ ಹೋಗ್ಬೇಕಿತ್ತು. ಗುಡಿಸಲು ಕೀಳ್ತೀವಿ ಅಂದ್ರು, ತಿರುಗಿದೆ. ಗುಡಿಸಲು ಹೆಂಗೂ ಕಿತ್ತರು."

"ಹಾಗಾದರೆ ಇನ್ನೊಂದು ಸಲ ನಡೆ. ಸರಿಯಾಗಿ ನಡೆ. ಕೇರಿಯನ್ನು ಒಳಗೆ ಬರೆಯುತ್ತೇನೆ. ಬಾವಿಯ ನೀರೂ ಸಿಗುತ್ತದೆ. ಮಣ್ಣು ತರಿಸಿ."

ಕೇರಿಯವರೆಲ್ಲ ಬಾವಿಯ ಕಡೆ ತಿರುಗಿದರು. ಬಾವಿ ಅಲ್ಲೇ ಇತ್ತು, ಇಪ್ಪತ್ತು ಹೆಜ್ಜೆ. ರಾಟೆಯ ಮೇಲೆ ಹಗ್ಗ ತೂಗುತ್ತಿತ್ತು. ಬಾಣಂತಿಯೊಬ್ಬಳು ಕೂಸನ್ನು ಎದೆಗೆ ಒತ್ತಿಕೊಂಡು, "ನಡೀ ತಾತ" ಎಂದಳು.

ಮಾವ ಎದ್ದು ನಿಂತರು. "ನಡೀತೀನಿ ಬುದ್ದಿ. ಮಣ್ಣು ಬ್ಯಾಡ."

"ಮಣ್ಣಿಲ್ಲದೆ ಸಾಕ್ಷಿ ಹೇಗಾಗುತ್ತೆ?"

"ಮಣ್ಣು ಸುಳ್ಳು ಹೇಳ್ತು. ನಾನೂ ಹೇಳ್ದೆ. ಸುಳ್ಳು ಹೇಳ್ದೆ ಅಂತ ಒಪ್ಪಿಕೊಂಡೋನು ನಾನೊಬ್ನೇ. ನಂಬೋದಾದ್ರೆ ನನ್ನ ಬಾಯಿ ನಂಬ್ರಿ. ತಲೆ ಮ್ಯಾಲಿನ ಮಣ್ಣು ನಂಬಬ್ಯಾಡ್ರಿ. ಬರ್ರಿ, ಬರೀ ತಲೇಲಿ ತೋರಿಸ್ತೀನಿ."

"ಇವನ ಬಾಯಿಮಾತಿಗೆ ಊರು ನಿಲ್ಲಬೇಕಾ ಸ್ವಾಮಿ?" ಎಂದ ರೇವಣಸಿದ್ದಪ್ಪ. "ನಾಳೆ ಇವರೆಲ್ಲಾ ಬಂದು ನಮ್ಮ ಹೊಲ ನಮ್ದಲ್ಲ ಅಂತಾರೆ."

ಅಮಲ್ದಾರರು ಬಹಳ ಹೊತ್ತು ಕಾಗದ ನೋಡಿದರು. ಒಳ್ಳೆಯವರೇ. ಆದರೆ ಕಾಗದದಲ್ಲಿ ಮಣ್ಣಿಗೆ ಜಾಗ ಇತ್ತು, ಮಾವನ ಬಾಯಿಗೆ ಇರಲಿಲ್ಲ. "ಮುನಿಯಪ್ಪ, ಹಟ ಬೇಡ. ಇದೊಂದು ಸಲ ಹೊತ್ತುಬಿಡು" ಎಂದರು.

ಮಾವ ನನ್ನ ಕಡೆ ತಿರುಗಿದರು. ಮಣ್ಣು ಕಲಸುವವಳು ನಾನೇ ಆಗಿದ್ದೆನಲ್ಲ. ನಾನು ಎರಡು ಕೈಯನ್ನೂ ಸೆರಗಿನಲ್ಲಿ ಸುತ್ತಿಕೊಂಡೆ.

"ಕಲಸಲ್ಲ ಬುದ್ದಿ" ಎಂದೆ.

ಅಮಲ್ದಾರರು ಬರೆದರು. ಕುಳವಾಡಿಯು ಸಾಕ್ಷಿ ನುಡಿಯಲು ನಿರಾಕರಿಸಿದ್ದರಿಂದ ಮೊದಲಿನ ಸರಹದ್ದೇ ಖಾಯಂ. ಇನ್ನೊಂದು ಸಾಲನ್ನೂ ಬರೆದರು. ಸರಹದ್ದಿನ ಆಚೆಯ ಗುಡಿಸಲುಗಳ ಮೇಲೆ ಮುನಿಸಿಪಾಲಿಟಿಗೆ ಯಾವ ಅಧಿಕಾರವೂ ಇಲ್ಲ. ಅಲ್ಲಿನ ಜನರಿಂದ ಬಿಟ್ಟಿ ಕೆಲಸ ತೆಗೆದುಕೊಳ್ಳತಕ್ಕದ್ದಲ್ಲ. ಅವರು ಕೊಡಬಹುದಾಗಿದ್ದದ್ದು ಅಷ್ಟು. ಕೊಟ್ಟು ಹೋದರು.

ಎತ್ತನ್ನು ರೇವಣಸಿದ್ದಪ್ಪನೂ ಅವನ ಅಣ್ಣತಮ್ಮಂದಿರೂ ಎಳೆದರು. ಹಗ್ಗ ಕಟ್ಟಲು ಗೊತ್ತಿರಲಿಲ್ಲ. ಅರ್ಧ ದಾರಿಯಲ್ಲಿ ಕಾಲು ಕಿತ್ತು ಬಂತು. ನಾವು ಈಚೆ ನಿಂತು ನೋಡಿದೆವು. ಯಾರೂ ನಗಲಿಲ್ಲ.

ಕೇರಿಯಲ್ಲಿ ಕೆಲವರು ಮಾವನನ್ನು ಬೈದರು. ಆ ಬಾಣಂತಿ ಬಹಳ ದಿನ ಬೈದಳು. ಅವಳ ಕೂಸು ಆ ಬೇಸಿಗೆ ಭೇದಿಯಲ್ಲಿ ಹೋಯಿತು. ಒಂದು ಸಲ ಹೊತ್ತಿದ್ದರೆ ಸಿಹಿನೀರು ಸಿಗುತ್ತಿತ್ತು ಎಂದಳು. ಸಿಗುತ್ತಿತ್ತೋ ಏನೋ. ಮಾವ ದಿನಾ ಬೆಳಿಗ್ಗೆ ಹಾರೆ ತೆಗೆದುಕೊಂಡು ಬಿಳಿಕಲ್ಲಿನ ಹತ್ತಿರ ಅಗೆಯುತ್ತಿದ್ದರು. ಮೊದಲು ಒಬ್ಬರೇ. ಆಮೇಲೆ ನಾನು ಬುಟ್ಟಿ ಹಿಡಿದೆ. ಆಮೇಲೆ ಆ ಬಾಣಂತಿಯ ಗಂಡ ಬಂದ. ಕೊನೆಗೆ ಅವಳೂ ಬಂದಳು. ಬಾವಿ ತೋಡುವುದು ನಮಗೆ ಗೊತ್ತಿತ್ತು.

ನೀರು ಕಂಡ ವಾರ ಕಲಂದರ್ ಸಾಹೇಬರು ಗಡಿಕಲ್ಲು ದಾಟಿ ಬಂದರು. ಬಗಲಲ್ಲಿ ಬಟ್ಟೆಯ ಗಂಟು. ಬಿಚ್ಚಿದರು. ಮಣ್ಣುಂಡೆ.

"ಚಾವಡಿಗೆ ಸುಣ್ಣ ಹೊಡೀತಾ ಅವ್ರೆ. ಬಿಸಾಕು ಅಂದ್ರು. ನಿಂದಲ್ಲವಾ ಅಂತ ತಂದೆ."

ನೋಡಿದೆ. ಒಂದು ಬಿರುಕೂ ಇರಲಿಲ್ಲ. ನೆಲಕ್ಕೆ ಕುಕ್ಕಿದೆ, ಒಡೆಯಲಿಲ್ಲ. ಹಾರೆಯ ಹಿಂಬದಿಯಿಂದ ಬಡಿದೆ, ಒಡೆಯಲಿಲ್ಲ. ನೀರಿನ ಬಾನಿಯಲ್ಲಿ ಹಾಕಿಟ್ಟೆ. ಕರಗಲು ನಾಲ್ಕು ದಿನ ಹಿಡಿಯಿತು. ಐದನೆಯ ದಿನ ಅದನ್ನೇ ತುಳಿದು, ಇನ್ನಷ್ಟು ಎರೆ ಬೆರೆಸಿ, ನಮ್ಮ ಬಾವಿಯ ಕಟ್ಟೆಯ ಕಲ್ಲುಗಳ ಸಂದಿಗೆ ಮೆತ್ತಿದೆ.

ಮೊದಲ ಕೊಡವನ್ನು ಮಾವ ಸೇದಿದರು. ಕಟ್ಟೆಯ ಮೇಲೆ ಇಟ್ಟರು. ನಾನು ಬೊಗಸೆ ಒಡ್ಡಿದೆ, ಅಭ್ಯಾಸ. ಮಾವ ನನ್ನ ಕೈ ಸರಿಸಿ ಕೊಡವನ್ನೇ ಕೈಗೆ ಕೊಟ್ಟರು.

ನೀರು ಸವಳು. ಕುಡಿದೆವು.